ಧರೆಪ್ಪನ ಮಗನ ಗಾಡಿ

ನಗೂದಿದ್ರ ಈಗ ನಕ್ಕೊಂಡ ಬಿಡ್ರಿ. ನಡುವ ನಕ್ರ ನಾ ಎದ್ದ ಹೋಗಾಂವ. ಇದು ನಮ್ಮ ಕಾಕಾನ ಮಗ ಶ್ರೀಪಾಲನ ಮನ್ಯಾಗ ಆಗಿದ್ದು. ತೊಂಬತ್ತೊಂದರಾಗ, ಶಿರಗುಪ್ಪಿ ತ್ವಾಟದಾಗ.

ಶ್ರೀಪಾಲ ಸಕ್ಕರಿ ಫ್ಯಾಕ್ಟರಿ ಪಾಳಿ ಮುಗಿಸಿ ರಾತ್ರಿ ನಡಕೋತ ಬರಾಂವ. ಒಂದಿನ ಧರೆಪ್ಪನ ಬಾಂವಿ ಹಂತ್ಯಾಕ ಬಂದಾಗ... ಖಟ್. ಖಟ್. ಖಟ್. ಯಾರೋ ಮೋಟರ್‌ಸೈಕಲ್ ಗಾಡಿಗೆ ಕಿಕ್ ಹೊಡ್ಯಾಕತ್ತಿದ್ರು. ಚಾಲೂ ಆಗವಲ್ದು. ಕತ್ತಲಾಗ ಮಾರಿ ಕಾಣಲಿಲ್ಲ.

"ಒಂದೀಟ ದೂಡ್ರಿ..."

ಇಂವ ದೂಡಿದ. ಡುಗ್ ಡುಗ್... ಫಸ್. ಡುಗ್ ಡುಗ್... ಫಸ್. ಚಾಲೂ ಆತು.

"ತಗೋರಿ. ಓಡತೈತಿ," ಅಂತು ದನಿ.

ಆಮ್ಯಾಲ ಗಾಡಿನೂ ಇಲ್ಲ, ಮನಷ್ಯಾನೂ ಇಲ್ಲ.

ಆ 'ಫಸ್' ಶ್ರೀಪಾಲಗ ಗುರತ ಸಿಕ್ತು. ಎರಡ ದಿನದ ಹಿಂದ ಆ ಗಾಡಿ ಕೊಳ್ಳಾಕಂತ ನೋಡಿ, ದೂಡಿಸಿ ಕೇಳಿ ಬಂದಿದ್ದ. ಧರೆಪ್ಪನ ಮಗ ಲಗಮಣ್ಣನ ಗಾಡಿ. ಲಗಮಣ್ಣಗ ಕಬ್ಬಿನಾಗ ಹಾವು ಕಡದಿತ್ತು. ದವಾಖಾನಿಗೆ ಹೋಗಾಕ ತಾನ ಕಿಕ್ ಹೊಡದ, ಹೊಡದ... ಆಗಲಿಲ್ಲ. ಗಾಡಿ ಮ್ಯಾಲ ಕುಂತಲ್ಲೇ ಹೋದ. ಮುದುಕ ಧರೆಪ್ಪ, ಕೊಟ್ಟಷ್ಟ ಕೊಡ್ರಿ, ನನ್ನ ಕಣ್ಣ ಮುಂದಿಂದ ಒಯ್ಯರಿ ಅಂತಿದ್ದ. ಕುಡಚಿ ಮೇಸ್ತ್ರಿ ದಸ್ತಗೀರ ಬಂದ ನೋಡಿ, "ರಿಂಗ್ ಹೋಗ್ಯಾವ, ಕಾಯಿಲ್ ಹೋಗೈತಿ, ಸೈಲೆನ್ಸರ್ ತೂತ ಬಿದ್ದೈತಿ. ಎಂಟ ದಿನ ಕೊಡ್ರಿ, ಗಾಡಿ ಗಟ್ಟಿ ಐತಿ," ಅಂದಿದ್ದ.

ಶ್ರೀಪಾಲಗ ಶೋಕಿಗೆ ಬೇಕಾಗಿರಲಿಲ್ಲ. ಮೊದಲನೇ ಕೂಸು ಎತ್ತಿನ ಗಾಡ್ಯಾಗ, ಮಿರಜ ದವಾಖಾನಿ ಹಾದ್ಯಾಗ ತೀರಿ ಹೋಗಿತ್ತು. ಈಗ ಅವನ ಹೇಂತಿ ಕುಸುಮಾ ವೈನಿಗೆ ಮತ್ತ ಆರು ತಿಂಗಳ.

ಬಾಂವಿ ಹಂತ್ಯಾಕಿನ ಮಾತ ಕೇಳಿ ಅವನ ಅವ್ವ, ನಮ್ಮ ಕಾಶಿಬಾಯಿ ಕಾಕಿ, ಒಂದ ಹಟ ಹಿಡದ್ಲು. "ಸತ್ತಾಂವ ಇನ್ನೂ ಗಾಡಿ ಬಿಟ್ಟಿಲ್ಲ. ಬಸರಿ ಇರೂ ಮನಿಗೆ ಬ್ಯಾಡ."

"ಅತ್ಯಾರ, ತಗೋರಿ ಅಂದಾನಲ್ರಿ," ಅಂದ್ಲು ವೈನಿ. "ಬ್ಯಾಡ ಅಂದಿಲ್ಲಲ್ಲ."

ಯಾರು ಕೇಳ್ತಾರ ಅಕಿ ಮಾತ? ಶ್ರೀಪಾಲ ನನ್ನ ಕೇಳಿದ, "ಪಾರಿಸ, ನೀ ಏನಂತಿ?" ನಾನೂ ಬ್ಯಾಡ ಅಂದೆ. ಶಾಣ್ಯಾತನದಿಂದಲ್ಲ... ಅಂಜಿ. ಧರೆಪ್ಪ ಒಂದ ತಿಂಗಳ ಕಾದು ಗುಜರಿಯವರಿಗೆ ಕೊಟ್ಟ. ನನ್ನ ಕಣ್ಣ ಮುಂದ ಸುತ್ತಿಗಿಲೆ ಒಡದ್ರು ಅದನ್ನ.

ಎಂಟನೇ ತಿಂಗಳಾಗ ಒಂದ ರಾತ್ರಿ ವೈನಿಗೆ ಬ್ಯಾನಿ ಸುರು ಆತು. ಶ್ರೀಪಾಲ ಪಾಳಿಗೆ ಹೋಗಿದ್ದ. ತ್ವಾಟದ ಮನ್ಯಾಗ ಕಾಕಿ, ವೈನಿ, ನಾ, ಮೂರ ಮಂದಿ. ಊರಾಗ ಹೋಗಿ ಜೀಪ್ ತಗೊಂಡ ಬಾ ಅಂದ್ಲು ಕಾಕಿ. ಕಂದೀಲ ಹಿಡಕೊಂಡ ನಾ ಬಾಗಲಾ ಅಗಳಿಗೆ ಕೈ ಹಾಕಿದೆ...

ಡುಗ್ ಡುಗ್... ಫಸ್.

ಕಬ್ಬಿನ ನಡುವಿನ ಹಾದ್ಯಾಗಿಂದ ಬಂತು. ಅಂಗಳಕ್ಕ ಬಂತು. ನಿಂತಿತು. ಇಂಜಿನ್ ಬಂದ್ ಆಗಲಿಲ್ಲ.

"ಪಾರಿಸ..." ಅಂದ್ಲು ವೈನಿ, ಉಸರ ಹಿಡದು. "ಗಾಡಿ ಬಂದೈತಿ. ಬಾಗಲಾ ತಗೀ."

ನಾ ತಗೀಲಿಲ್ಲ.

ಕಾಕಿ ನನ್ನ ರಟ್ಟಿ ಹಿಡದು ಕುಂಡರಿಸಿದ್ಲು. ಹೊರಗಿಂದು ಹೋಗ್ಲಿ ಅಂತ ಣಮೋಕಾರ ಮಂತ್ರ ಹೇಳಾಕ ಹತ್ತಿದ್ಲು. ನಮ್ಮ ಜೈನ ಮಂದ್ಯಾಗ ಜೀವ ಹೋಗಾಕ ನಿಂತವರ ಕಿವ್ಯಾಗೂ ಅದನ್ನ ಹೇಳ್ತಾರ. ವೈನಿ ಅದನ್ನ ತನಗ ಅಂತ ತಿಳದ್ಲು.

"ಅತ್ಯಾರ... ಈಗ ಯಾಕ ಅದನ್ನ ಹೇಳ್ತೀರಿ? ನಾ ಇನ್ನೂ ಅದೀನ್ರಿ."

ಕಾಕಿ ಬಾಯಿ ನಿಲ್ಲಿಸಲಿಲ್ಲ. ಅಂಜಿಕಿ ಅಂಥಾದ್ದು.

ಮೂರ ತಾಸ ನಿಂತಿತ್ತು ಅದು. ಬಾಗಲಾ ಬಡೀಲಿಲ್ಲ, ಹಾರ್ನ್ ಹೊಡೀಲಿಲ್ಲ. ಸುಮ್ನ ಕಾಯ್ತು. ಮೂರ ತಾಸ ವೈನಿ ಅಗಳಿ ಕಡೆ ನೋಡಿದ್ಲು, ನಡನಡುವ ನನ್ನ ಕಡೆ. ಬೆಳಕ ಹರಿಯೂ ಹೊತ್ತಿಗೆ ಗಾಡಿ ತಿರುಗಿ ಹೋತು. ಅಷ್ಟೊತ್ತಿಗೆ ವೈನಿನೂ ಇರಲಿಲ್ಲ, ಕೂಸೂ ಇರಲಿಲ್ಲ.

ಅಕಿ ಆಯುಷ್ಯ ಅಷ್ಟ ಇತ್ತು ಅಂದ್ರು ಮಂದಿ. ಸುಳ್ಳ. ಕರಕೊಂಡ ಹೋಗಾಕ ಬಂದಿತ್ತು ಅದು. ಅಗಳಿ ತಗೀಲಾರದಾಂವ ನಾ.

ಗಾಡಿ ಹೋದ ಕೂಡ್ಲೇ ಬಾಗಲಾ ತಗದೆ. ಯಾರ ಆಣಿ ಬೇಕಾದ್ರೂ ಮಾಡ್ತೀನಿ, ಕೇಳ್ರಿ. ಅಂಗಳದಾಗ, ಹೊಸ್ತಲಿಂದ ಎರಡ ಮಾರು ದೂರ, ಮಣ್ಣಾಗ ಕರೀ ಎಣ್ಣಿ ಸೋರಿತ್ತು. ನಾ ಕುಂತು ಬೊಟ್ಟ ಇಟ್ಟ ನೋಡಿದೆ. ಬಿಸಿ ಇತ್ತು.