ಯಾರೂ ಕೇಳದ ಪ್ರಶ್ನೆ

ಟೊಲೀಡೊ ಬಸ್ ನಿಲ್ದಾಣದಲ್ಲಿ ಷಿಕಾಗೊ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನ ಹುಡುಗಿಗೆ ಮರುದಿನ ಕಾನೂನು ಕಾಲೇಜಿನ ಸಂದರ್ಶನವಂತೆ. ಆಗಷ್ಟೇ ಪರಿಚಯವಾದ ಮುದುಕರೊಬ್ಬರಿಗೆ, ಅಭ್ಯಾಸಕ್ಕೆ ತನ್ನನ್ನು ಪ್ರಶ್ನೆ ಕೇಳಿ ಎಂದು ದುಂಬಾಲು ಬಿದ್ದಿದ್ದಳು.

“ಸರಿ ಮಗು, ವಕೀಲಿ ಯಾಕೆ ಓದ್ಬೇಕು?”

“ನ್ಯಾಯದ ಬಗ್ಗೆ ನನಗೆ ಚಿಕ್ಕಂದಿನಿಂದಲೂ ಅಪಾರವಾದ ಆಸಕ್ತಿ…”

“ಭಾಷಣ ಬೇಡಮ್ಮ, ನಿದ್ದೆ ಬರುತ್ತೆ.”

ಹುಡುಗಿ ನಕ್ಕಳು.

“ನಾನು ಬೆಳೆದಿದ್ದು ಸಾಕುಮನೆಗಳಲ್ಲಿ, ಸರ್ಕಾರ ಸಾಕೋಕೆ ಅಂತ ಬಿಟ್ಟ ಬೇರೆಯವರ ಮನೆಗಳಲ್ಲಿ, ತಾತ. ಒಂದು ಮನೆಯಿಂದ ಇನ್ನೊಂದಕ್ಕೆ ಕಳಿಸೋವಾಗೆಲ್ಲ ಕೋರ್ಟಲ್ಲಿ ನನ್ನ ಪರ ಅಂತ ಒಬ್ಬ ವಕೀಲ ಇರ್ತಿದ್ದ. ನಿಂಗೆ ಎಲ್ಲಿರೋಕೆ ಇಷ್ಟ ಅಂತ ಒಬ್ಬರೂ ಕೇಳಲಿಲ್ಲ.”

“ಕೇಳಿದ್ರೆ ಏನಂತಿದ್ದೆ?”

“ಒಂದು ಮನೇಲಿ ನನ್ನ ಸಾಕಿದ ಡೊರೀನ್ ಅಮ್ಮನ ಹತ್ರ ಅಂತಿದ್ದೆ. ನಂಗೆ ಕತ್ತಲು ಅಂದ್ರೆ ಭಯ ಅಂತ ಅವರು ಹಜಾರದ ದೀಪ ಆರಿಸ್ತಾನೇ ಇರ್ಲಿಲ್ಲ.”

“ನಾಳೆ ಇದನ್ನೇ ಹೇಳು.”

“ಅಯ್ಯೋ ಪಾಪ ಅಂತ ಸೀಟು ಕೊಟ್ರೆ ನಂಗೆ ಬೇಡ.”

“ಪಾಪ ಅನ್ನೋಕೆ ನೀನೇನು ಅಳ್ತಿದ್ದೀಯಾ? ಮಕ್ಕಳನ್ನ ಕೇಳೋ ವಕೀಲೆಯಾಗ್ತೀನಿ ಅಂತಿದ್ದೀಯ. ಡೊರೀನ್‌ಗೆ ಫೋನ್ ಮಾಡಿ ನಾಳೆ ಸಂದರ್ಶನ ಅಂತ ಹೇಳಿದ್ಯಾ?”

“ಅವರ ಮನೇಲಿ ನನ್ನಂಥೋರು ಎಷ್ಟೋ ಜನ ಬಂದು ಹೋದ್ರು ತಾತ. ನೀನ್ಯಾರು ಅಂದ್ರೆ?”

ಡೆಟ್ರಾಯಿಟ್ ಬಸ್ಸು ಬಂತೆಂಬ ಕೂಗು ಕೇಳಿಸಿತು. ಮುದುಕರು ಎದ್ದರು.

“ಇನ್ನೊಂದೇ ಒಂದು ಪ್ರಶ್ನೆ ಕೇಳಿ ತಾತ.”

“ಬೆಳಿಗ್ಗೆಯಿಂದ ಏನಾದ್ರೂ ತಿಂದಿದ್ದೀಯಾ?”

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಮುದುಕರು ಕಾಗದದಲ್ಲಿ ಸುತ್ತಿದ ತಮ್ಮ ಸ್ಯಾಂಡ್‌ವಿಚ್ಚನ್ನು ಅವಳ ಮಡಿಲಲ್ಲಿಟ್ಟು ಬಸ್ಸಿನ ಕಡೆ ನಡೆದರು.