ಕೇಂದ್ರ ಹನ್ನೆರಡು, ಬೇವೂರು

ಹೊನ್ನಬಿತ್ತು ಬೀಜ ಸಂಸ್ಥೆಯ ಈ ವಾರ್ಷಿಕೋತ್ಸವದ ಅಧ್ಯಕ್ಷರೂ ಸಂಸ್ಥೆಯ ಮಾಲೀಕರೂ ಆದ ಮಾನ್ಯ ವಿರುಪಣ್ಣನವರೇ, ಗಂಗಾವತಿಯಿಂದ ಇಂಥ ಬಿಸಿಲಲ್ಲಿ ಬಂದಿರುವ ಮುಖ್ಯ ಅತಿಥಿ, ಪ್ರಾಂಶುಪಾಲೆ ದುರ್ಗಾದೇವಿ ಮೇಡಂ ಅವರೇ, ವೇದಿಕೆಯ ಮೇಲಿನ ಹಿರಿಯರೇ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ನಮ್ಮ ಕೇಂದ್ರಗಳ ಸಿಬ್ಬಂದಿಯೇ, ಹೊಲದ ಕೆಲಸ ಬಿಟ್ಟು ಕ್ರೂಸರ್ ಗಾಡಿಗಳಲ್ಲಿ ಬಂದು ಹಿಂದಿನ ಸಾಲುಗಳಲ್ಲಿ ಕುಳಿತಿರುವ ತಾಯಂದಿರೇ, ಅಕ್ಕಂದಿರೇ, ಸಭಿಕರೇ.

ನಿರೂಪಣೆ ಮಾಡುತ್ತಿರುವ ಮಹೇಶ್ವರಿ ಅವರು ನನ್ನನ್ನು ಹೊಗಳಿದ್ದನ್ನು ನನ್ನ ಹೆಂಡತಿ ಕೇಳಿದ್ದರೆ, ಈ ಪಂಪಾಪತಿ ಯಾರಪ್ಪಾ ಎಂದು ಸುತ್ತಮುತ್ತ ಹುಡುಕುತ್ತಿದ್ದಳು. ಇರಲಿ. ನನ್ನ ಕೈಯಲ್ಲಿ ನಾಲ್ಕು ಹಾಳೆಯ ಭಾಷಣವಿದೆ. ಅದನ್ನು ಓದಿ ಕುಳಿತುಬಿಡಬೇಕೆಂದೇ ಬಂದೆ. ಆದರೆ ಮೂರು ವಾರದಿಂದ ನನಗೆ ಕುಂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಈಗ ವೇದಿಕೆ ಹತ್ತುವಾಗ ಹಿಂದಿನ ಸಾಲಿನಲ್ಲಿ ಒಬ್ಬರು ಕುಳಿತದ್ದನ್ನು ಕಂಡೆ. ಅವರ ಅನ್ನ ಕಳೆದವನು ನಾನು. ಇದನ್ನು ಇಲ್ಲಿ ಹೇಳಬೇಕೋ ಬೇಡವೋ ಎಂದು ಇನ್ನೂ ತಿಳಿಯುತ್ತಿಲ್ಲ. ಸ್ವಲ್ಪ ನೀರು ಕೊಡಿ.

ಮೊದಲು ಈ ಸನ್ಮಾನ ಯಾತಕ್ಕೆ ಎಂದು ಹೇಳಬೇಕಲ್ಲವೇ? ನಾನು ‘ವಿಳಾಸ’ ಎಂಬ ಲೈಬ್ರರಿ ಬರೆದಿದ್ದೇನೆ. ಪುಸ್ತಕದ ಕಪಾಟಲ್ಲ. ಬೇರೆಯವರು ಕಂಪ್ಯೂಟರ್ ಪ್ರೋಗ್ರಾಂ ಬರೆಯುವಾಗ ಎತ್ತಿ ಬಳಸಿಕೊಳ್ಳಲಿ ಎಂದು ಮೊದಲೇ ಬರೆದಿಟ್ಟ ತುಣುಕುಗಳ ಗಂಟು. ಜಾಲದಲ್ಲಿರುವ ಪ್ರತಿ ಕಂಪ್ಯೂಟರಿಗೂ ಒಂದು ವಿಳಾಸ ಇರುತ್ತದೆ. ನಾವು ಅದನ್ನು ನಡುವೆ ಚುಕ್ಕಿ ಇಟ್ಟು ನಾಲ್ಕು ಸಂಖ್ಯೆಗಳಾಗಿ ಬರೆಯುತ್ತೇವೆ; ಯಂತ್ರಕ್ಕೆ ಅದು ಒಂದೇ ಒಂದು ದೊಡ್ಡ ಸಂಖ್ಯೆ. ನಮ್ಮ ಬರಹವನ್ನು ಯಂತ್ರದ ಸಂಖ್ಯೆ ಮಾಡುವುದು, ಯಂತ್ರದ ಸಂಖ್ಯೆಯನ್ನು ನಾವು ಓದುವಂತೆ ತಿರುಗಿಸುವುದು, ಯಾವ ವಿಳಾಸ ಯಾವ ಗುಂಪಿನದು ಎಂದು ಹೇಳುವುದು, ಇಷ್ಟೇ ‘ವಿಳಾಸ’ದ ಕೆಲಸ. ನಮ್ಮ ಸಂಸ್ಥೆಯಲ್ಲಿ ಮೂರನೆಯ ಸಂಖ್ಯೆ ಕೇಂದ್ರವನ್ನು ತೋರಿಸುತ್ತದೆ. ಹತ್ತು ಇದ್ದರೆ ತಾವರಗೇರಾ, ಹನ್ನೆರಡು ಇದ್ದರೆ ಬೇವೂರು. ದುರ್ಗಾದೇವಿ ಮೇಡಂ ಇದನ್ನು ತಮ್ಮ ವಿದ್ಯಾರ್ಥಿಗಳಿಗೂ ಕೊಡಬೇಕೆಂದಿದ್ದಾರೆ. ಮೇಡಂ, ಇದೊಂದು ಮಾತು ಮುಗಿಯುವವರೆಗೆ ತಡೆಯಿರಿ.

ನಮ್ಮ ತಂದೆ ಅಮರಪ್ಪನವರು ಕಂದಾಯ ಕಚೇರಿಯ ಗುಮಾಸ್ತರು. ಸರ್ವೆ ನಂಬರ್ ಹನ್ನೆರಡು ಎಂದು ಬರೆಯುವ ಕಡೆ ಅವರು ಸೊನ್ನೆ, ಒಂದು, ಎರಡು ಎಂದು ಮೂರು ಮನೆ ತುಂಬಿಸುತ್ತಿದ್ದರು. ನಾನು ಸಾಲಿ ಕಲಿಯುವಾಗ ಕೇಳಿದ್ದಕ್ಕೆ, “ಮುಂದ ಖಾಲಿ ಜಾಗಾ ಬಿಟ್ರ ಯಾರರ ಒಂದು ಅಂಕಿ ತುರುಕತಾರ. ಸೊನ್ನಿ ಹಾಕಿ ಬಾಗಲಾ ಹಾಕ್ಬೇಕು, ತಮ್ಮಾ” ಅಂದರು. ಮೂವತ್ತೆರಡು ವರ್ಷದ ನೌಕರಿಯಲ್ಲಿ ಒಂದು ಅಂಕಿಯನ್ನೂ ಯಾರಿಗೂ ತಿದ್ದಗೊಡದ ಮನುಷ್ಯ ಅವರು. ನಾನು ಅವರ ಮಗ. ಯಾವ ಕೇಂದ್ರದಿಂದ ಬೀಜದ ಯಾವ ಅಂಕಿ ಬದಲಾಯಿತು ಎಂದು ಬರೆದಿಡುವ ದಾಖಲೆ ಮಾಡಿದಾಗ ಕೇಂದ್ರದ ಸಂಖ್ಯೆಯನ್ನು ನಾನೂ ಮೂರು ಅಂಕಿಯಲ್ಲೇ ಬರೆಸಿದೆ. ಬೇವೂರು ಸೊನ್ನೆ ಒಂದು ಎರಡು ಆಯಿತು. ತಂದೆಯ ಪದ್ಧತಿ ಉಳಿಸಿದೆ ಎಂದು ಒಳಗೊಳಗೇ ಹಿಗ್ಗಿದೆ ಕೂಡ.

ಹೋದ ವರ್ಷದ ಹಿಂದಿನ ವರ್ಷ ನಡೆದದ್ದು ನಿಮಗೆಲ್ಲ ನೆನಪಿದೆ. ಟೊಮೆಟೊ ಬೀಜದ ಒಂದು ರಾಶಿಯ, ನಾವು ಲಾಟ್ ಎನ್ನುತ್ತೇವಲ್ಲ ಅದರ, ಮೊಳಕೆ ನೂರಕ್ಕೆ ಐವತ್ತೆಂಟು ಇದ್ದದ್ದು ಕಂಪ್ಯೂಟರಿನಲ್ಲಿ ತೊಂಬತ್ತೊಂದು ಆಗಿತ್ತು. ಬೀಜ ಹೊರಗೆ ಹೋಗುವ ಮೊದಲೇ ಸಿಕ್ಕಿತು, ರೈತರು ಉಳಿದರು. ಆದರೆ ಬದಲಿಸಿದವರು ಯಾರು? ಆಗ ನಮ್ಮ ದಾಖಲೆಯಲ್ಲಿ ಕುಳಿತವರ ಹೆಸರು ಇರುತ್ತಿರಲಿಲ್ಲ, ಕೇಂದ್ರದ ವಿಳಾಸ ಮಾತ್ರ. ವಿರುಪಣ್ಣನವರು ನನ್ನನ್ನು ಕೇಳಿದರು. ನಾನು ದಾಖಲೆಯನ್ನು ಕಣ್ಣಾರೆ ನೋಡದೆ, ಅದನ್ನು ‘ವಿಳಾಸ’ಕ್ಕೆ ಕೊಟ್ಟು ಕೇಳಿದೆ. ಅದು ಕೇಂದ್ರ ಹತ್ತು, ತಾವರಗೇರಾ ಎಂದಿತು. ಅಲ್ಲಿ ಕೆಲಸಕ್ಕಿದ್ದವರು ಪಕೀರಮ್ಮ.

ಆಕೆ ಈ ಊರಿನ ನಮ್ಮ ಕಚೇರಿಗೆ ಬಂದು ನಿಂತರು. “ಅವತ್ತ ನಮ್ಮತ್ತಿಗೆ ಆರಾಮ ಇದ್ದಿಲ್ರಿ ಸರ, ದವಾಖಾನಿಗೆ ಕರಕೊಂಡು ಹೋಗಿದ್ದೆ. ಕೇಂದ್ರದ ಕೀಲಿನ ತಗದಿಲ್ರಿ. ಬೇಕಾದ್ರ ಓಣ್ಯಾಗ...” ಎನ್ನುತ್ತಿರುವಾಗ ನಾನು ತಡೆದೆ. “ಕಂಪ್ಯೂಟರಿಗೆ ನಿಮ್ಮ ಮ್ಯಾಲ ಹಗಿ ಐತೇನವ್ವ?” ಎಂದೆ. ಸುತ್ತ ಇದ್ದವರು ನಕ್ಕರು. ಆ ನಗು ನನಗೆ ಆಗ ಹಿತವಾಗಿತ್ತು, ಸುಳ್ಳೇಕೆ ಹೇಳಲಿ. ಕೀಲಿಯನ್ನು ಬೇರೆ ಯಾರಿಗೋ ಕೊಟ್ಟಿರಬೇಕು ಎಂದು ಆಮೇಲೆ ತೀರ್ಮಾನವಾಯಿತು. ಆಕೆಯನ್ನು ಕೆಲಸದಿಂದ ತೆಗೆದರು. ಊರಲ್ಲಿ ಆಕೆಗೆ ಏನು ಹೆಸರು ಬಂತು ಎಂಬುದನ್ನು ಹಿಂದಿನ ಸಾಲಿನ ಅಕ್ಕಂದಿರು ನನಗಿಂತ ಚೆನ್ನಾಗಿ ಬಲ್ಲರು.

ಮೂರು ವಾರದ ಹಿಂದೆ ಕಾಲೇಜಿಗೆ ಕೊಡಲು ‘ವಿಳಾಸ’ದ ಕೈಪಿಡಿ ಬರೆಯುತ್ತಿದ್ದೆ. ಉದಾಹರಣೆಗೆ ಎಂದು ಸೊನ್ನೆ ಒಂದು ಎರಡು ಎಂಬ ಕೇಂದ್ರವಿರುವ ವಿಳಾಸ ಕೊಟ್ಟೆ. ಉತ್ತರ ಬಂತು, ಹತ್ತು. ಮತ್ತೆ ಕೊಟ್ಟೆ. ಹತ್ತು. ಕುರ್ಚಿಯಿಂದ ಎದ್ದು ಹೊರಗೆ ಹೋಗಿ ಬಂದು ಮತ್ತೆ ಕೊಟ್ಟೆ. ಹತ್ತೇ. ಸಭಿಕರೇ, ನಮ್ಮ ಎಣಿಕೆ ಹತ್ತಕ್ಕೊಮ್ಮೆ ಮನೆ ದಾಟುತ್ತದೆ. ಕಂಪ್ಯೂಟರಿನವರಲ್ಲಿ ಎಂಟಕ್ಕೊಮ್ಮೆ ಮನೆ ದಾಟುವ ಒಂದು ಹಳೆಯ ಎಣಿಕೆಯಿದೆ, ಅದರ ಗುರುತೇ ಮುಂದಿನ ಸೊನ್ನೆ. ಆ ಎಣಿಕೆಯಲ್ಲಿ ಒಂದು ಎರಡು ಎಂದರೆ ಎಂಟು ಕೂಡಿಸು ಎರಡು, ಅಂದರೆ ಹತ್ತು. ನನ್ನ ಲೈಬ್ರರಿ ಆಧರಿಸಿದ್ದ ಹಳೆಯ ತುಣುಕು ಹಾಗೆ ಓದುತ್ತಿತ್ತು. ಈಗಿನ ಒಳ್ಳೆಯ ಲೈಬ್ರರಿಗಳು ಇಂಥ ವಿಳಾಸ ಬಂದರೆ ಇದು ನನಗೆ ತಿಳಿಯದು ಎಂದು ನಿಂತುಬಿಡುತ್ತವೆ. ನನ್ನದು ನಿಲ್ಲಲಿಲ್ಲ. ತಿಳಿಯದು ಎನ್ನುವುದನ್ನು ನಾನೇ ಕಲಿತಿರಲಿಲ್ಲ, ಅದಕ್ಕೆ ಹೇಗೆ ಕಲಿಸಲಿ?

ಅಂದರೆ ಅಂಕಿ ಬದಲಾದದ್ದು ತಾವರಗೇರಾದಲ್ಲಿ ಅಲ್ಲ, ಬೇವೂರಿನಲ್ಲಿ. ಅಧ್ಯಕ್ಷರು ಏನೋ ಸನ್ನೆ ಮಾಡುತ್ತಿದ್ದಾರೆ. ಇಲ್ಲ ಸರ್, ಬೇವೂರಿನ ಸಿಬ್ಬಂದಿಯ ಕಡೆ ನೋಡಬೇಡಿ. ಅವರ ತಪ್ಪು ಏನೂ ಇಲ್ಲ.

ಹತ್ತು ದಿನದ ಹಿಂದೆ ತಾವರಗೇರಾಕ್ಕೆ ಹೋದೆ. ಪಕೀರಮ್ಮ ನಮ್ಮದೇ ಸಂಸ್ಥೆಯ ಬೀಜದ ಹೊಲದಲ್ಲಿ ಕೂಲಿ ಮಾಡುತ್ತಿದ್ದರು. ಬೆರಳಿಗೆ ಪರಾಗದ ಉಂಗುರ ಹಾಕಿಕೊಂಡು ಟೊಮೆಟೊ ಹೂವಿಗೆ ಒಂದೊಂದಾಗಿ ಮುಟ್ಟಿಸುತ್ತಿದ್ದರು. ಕೆಲಸ ಬಿಟ್ಟು ಬಂದು ಬದುವಿನ ಮೇಲೆ ನನಗೆ ಚಹಾ ಕೊಟ್ಟರು. ಆಮೇಲೆ ಕೇಳಿದರು: “ಸರ, ಅದನ್ನ ಯಾರ್ ಮಾಡಿದ್ರಂತ ಗೊತ್ತಾತೇನ್ರಿ?” ಹೇಳಲೆಂದೇ ಅಷ್ಟು ದೂರ ಹೋಗಿದ್ದೆ. ನನ್ನ ಬಾಯಿಂದ ಬಂದದ್ದು, “ಇನ್ನ ಇಲ್ಲವ್ವ.” ಅವರು, “ಇರಲಿ ಬಿಡ್ರಿ, ನೀವರ ಏನ್ ಮಾಡ್ತೀರಿ” ಎಂದು ನನಗೇ ಸಮಾಧಾನ ಹೇಳಿ ಕಳಿಸಿದರು. ನಾಚಿಕೆಯಿಂದ ಸತ್ತೇ ಹೋದೆ. ಆದರೂ ಹತ್ತು ದಿನ ಸುಮ್ಮನಿದ್ದೆ, ಹಾರಕ್ಕೆ ಕೊರಳು ಒಡ್ಡಲು ಇಲ್ಲಿಗೆ ಬಂದೆ.

ಬೇವೂರು ಎಂದು ತಿಳಿದ ಮೇಲೆಯೇ ನನಗೆ ನೆನಪಾದದ್ದು: ಅಂಕಿ ಬದಲಾದ ಆ ತಾರೀಖಿನಂದು ಬೇವೂರಿನಲ್ಲಿ ಹೊಸ ಕಂಪ್ಯೂಟರ್ ಕೂರಿಸುವ ಕೆಲಸವಿತ್ತು. ಕೂರಿಸಿದವನು ನಾನು. ಅಂಕಿ ಮುಖ್ಯ ಕಚೇರಿಗೆ ಮುಟ್ಟುತ್ತದೋ ಇಲ್ಲವೋ ನೋಡೋಣವೆಂದು ಕಣ್ಣಿಗೆ ಬಿದ್ದ ಒಂದು ಲಾಟಿನ ಮುಂದೆ ಕೈಗೆ ಬಂದ ಅಂಕಿ ಒತ್ತಿದೆ. ಮುಟ್ಟಿತು. ಖುಷಿಯಾಯಿತು. ಅಷ್ಟರಲ್ಲಿ ಊಟಕ್ಕೆ ಕರೆದರು. ಬಿಸಿ ರೊಟ್ಟಿ, ಪುಂಡಿಪಲ್ಯ ಇತ್ತು. ಹಳೆಯ ಅಂಕಿಯನ್ನು ತಿರುಗಿ ಹಾಕುವುದನ್ನು ಮರೆತು ಎದ್ದುಹೋದೆ.

ಪಕೀರಮ್ಮ, ಯಾರು ಮಾಡಿದರು ಎಂದು ನೀವು ಕೇಳಿದ್ದಿರಿ. ನಾನು ಮಾಡಿದೆ. ಮಾಡಿದವನೂ ನಾನೇ, ನಿಮ್ಮ ಹೆಸರು ಹೇಳಿದವನೂ ನಾನೇ.

ಮಹೇಶ್ವರಿ ಅವರೇ, ಮೈಕು ಆರಿಸಬೇಡಿ, ಎರಡೇ ಮಾತು. ವಿರುಪಣ್ಣನವರೇ, ಆಕೆಯನ್ನು ತೆಗೆದ ಆದೇಶ ನನ್ನ ವರದಿಯ ಮೇಲೆ ನಿಂತಿದೆ. ಆ ವರದಿ ಸುಳ್ಳು ಎಂದು ಇಷ್ಟು ಜನರ ಮುಂದೆ ಹೇಳುತ್ತಿದ್ದೇನೆ. ನನಗೆ ಏನು ಶಿಕ್ಷೆ ಎಂದು ನೀವು ನಾಳೆ ಯೋಚಿಸಿದರೂ ನಡೆಯುತ್ತದೆ. ಆ ಆದೇಶ ಮಾತ್ರ ಇವತ್ತೇ ಹೋಗಬೇಕು.

ಹಿಂದೆ ಅವರು ಎದ್ದಿದ್ದಾರೆ. ಅಕ್ಕಂದಿರೇ, ಸೆರಗು ಹಿಡಿದು ಕೂರಿಸಬೇಡಿ, ಹೊರಗೆ ಹೋಗಲಿ ಬಿಡಿ. ನಾನು ಕ್ಷಮೆ ಕೇಳುವುದನ್ನು ಕುಳಿತು ಕೇಳಲೇಬೇಕೆಂಬ ಕಟ್ಟಳೆ ಅವರಿಗಿಲ್ಲ.

ಇಲ್ಲ, ಬಾಗಿಲ ಕಡೆಗಲ್ಲ. ಈ ಕಡೆ ಬರುತ್ತಿದ್ದಾರೆ. ನಡುವಿನ ಕುರ್ಚಿಗಳನ್ನು ಸ್ವಲ್ಪ ಸರಿಸಿ. ಇಷ್ಟು ಹೊತ್ತು ಸೈರಿಸಿಕೊಂಡ ನಿಮಗೆಲ್ಲ ಋಣಿ. ಮೈಕು ಇಲ್ಲೇ ಇರಲಿ, ನಾನು ಕೆಳಗೆ ನಿಲ್ಲುತ್ತೇನೆ. ಅಂದು ನಾನು ಅರ್ಧಕ್ಕೆ ತಡೆದ ಮಾತನ್ನು ಅವರು ಪೂರ್ತಿ ಆಡಲಿ. ನಮಸ್ಕಾರ.