ಶುಕ್ರವಾರದ ಸ್ಪೀಕರ್

2009ರ ಫೆಬ್ರವರಿ. ಅಮೆರಿಕದ ಆನ್ ಆರ್ಬರ್‌ನ ಸಿಟಿ ಬಸ್ಸಿನಲ್ಲಿ ಸರಳಾ ಅವರ ಕಿವಿಗೆ ಕನ್ನಡ ಬಿತ್ತು. ಕದ್ದು ಕೇಳಬಾರದು ನಿಜ, ಆದರೆ ಕಿವಿಗೆ ಚಿಲಕ ಹಾಕಲು ಬರುತ್ತದೆಯೇ? ಮುಂದಿನ ಸೀಟಿನಲ್ಲಿದ್ದವರು ಬಯೋಎಂಜಿನಿಯರಿಂಗ್ ವಿದ್ಯಾರ್ಥಿಗಳು. ವಿಭಾಗದ ವಾರದ ಸೆಮಿನಾರ್ ನಡೆಸುವವರು. ಹುಡುಗಿ ಮೈಸೂರಿನವಳು, ಹುಡುಗ ಧಾರವಾಡದ ಕಡೆಯವನು.

“ಶುಕ್ರವಾರದ ಸ್ಪೀಕರ್ ಫೋನ್ ಮಾಡಿದ್ರು, ಕಲ್ಲಿನಾಥ. ಅವರಿಗೆ ಲೇಆಫ್ ಆಯ್ತಂತೆ.”

“ಅಯ್ಯ! ಹಂಗಾರ ಬರಂಗಿಲ್ಲೇನ ಅವ್ರು?”

“ಬರ್ತಾರಂತೆ. ಲ್ಯಾಪ್‌ಟಾಪ್ ಕಂಪನಿಯವರು ವಾಪಸ್ ತಗೊಂಡಿದಾರೆ, ಸ್ಲೈಡ್ಸ್ ಇಲ್ಲ. ಬೋರ್ಡ್ ಮೇಲೆ ಬರೆದು ಹೇಳ್ತೀನಿ ಅಂದ್ರು.”

“ಪೋಸ್ಟರ್‌ನ್ಯಾಗ ಕಂಪನಿ ಹೆಸರು ಐತಲ್ಲ, ಆಶ್ರಿತಾ?”

“ತೆಗೆದೆ. ಬರೀ ಅವರ ಹೆಸರಿದೆ.”

“ಬರೀ ಹೆಸರು ಭಣಭಣ ಅನ್ನತೈತಿ. ಕೆಳಗ ‘ಹಾರ್ಟ್ ವಾಲ್ವ್ ಡಿಸೈನ್ ಮಾಡಿದವ್ರು’ ಅಂತ ಹಾಕು.”

“ಸರಿ.”

“ಮತ್ತ ನಮ್ಮ ಮಂದಿಗೆ ಹೇಳಬೇಕು. ಸೆಮಿನಾರ್ ಮುಗದ ಕೂಡ್ಲೇ ಸ್ಪೀಕರ್ ಕೈಯಾಗ ರೆಸ್ಯೂಮೆ ತುರುಕ್ತಾರಲ್ಲ, ಈ ಸಲ ಯಾರೂ ಕೊಡಬ್ಯಾಡ್ರಿ ಅಂತ.”

“ರೆಸ್ಯೂಮೆ ವಿಷಯ ಅವರೇ ಎತ್ತಿದ್ರು ಕಣೋ.”

“ಏನಂತ?”

ಬಸ್ಸು ನಿಂತಿತು. ಆಶ್ರಿತಾ ಕೈಗವಸು ಹಾಕಿಕೊಳ್ಳುತ್ತ ಎದ್ದಳು.

“ಪ್ರೊಫೆಸರ್‌ಗಳೂ ಬರ್ತಾರಾ, ನನ್ನ ರೆಸ್ಯೂಮೆ ತರ್ಲಾ, ಅಂತ.”

ಇಬ್ಬರೂ ಇಳಿದುಹೋದರು.